ಮನೆಯ ಎಸ್ಪ್ರೆಸೊ ಹುಳಿಯಾಗುವುದೇಕೆ? ಮಷೀನ್ ಬದಲಿಸುವ ಮೊದಲು ಪುಡಿ ನೋಡಿ

ಪ್ರಶ್ನೆ: ಮನೆಗೆ ಒಂದು ಸಣ್ಣ ಎಸ್ಪ್ರೆಸೊ ಮಷೀನ್ ತಂದು ಕೆಲವು ತಿಂಗಳಾಯಿತು. ಅದರ ಮೇಲೆ 15 ಬಾರ್ ಎಂದು ಬರೆದಿದೆ. ಪ್ಯಾಕೆಟ್‌ನಲ್ಲಿ ಸಿಗುವ ಎಸ್ಪ್ರೆಸೊ ಪುಡಿಯನ್ನೇ ಹಾಕುತ್ತೇನೆ. ಜೊತೆಗೆ ಪುಡಿ ತುಂಬುವ ಎರಡು ಥರದ ಬಾಸ್ಕೆಟ್ ಬಂದಿವೆ. ಒಂದರಲ್ಲಿ ಮಾಡಿದರೆ ಮೇಲೆ ದಪ್ಪ ನೊರೆ ಬರುತ್ತದೆ, ಆದರೆ ರುಚಿ ಸಪ್ಪೆ. ಇನ್ನೊಂದರಲ್ಲಿ ಹತ್ತೇ ಸೆಕೆಂಡಿಗೆ ಕಪ್ ತುಂಬುತ್ತದೆ, ಬಾಯಿಗಿಟ್ಟರೆ ಹುಳಿ. ಗಟ್ಟಿಯಾಗಿ ಒತ್ತಿ ನೋಡಿದೆ, ಪುಡಿ ಜಾಸ್ತಿ ಹಾಕಿ ನೋಡಿದೆ, ಏನೂ ಉಪಯೋಗವಾಗಲಿಲ್ಲ. ದೊಡ್ಡ ಮಷೀನ್ ತಗೊಳ್ಳಲೇಬೇಕೇ?

ಉತ್ತರ: ಬೇಡ. ಸದ್ಯಕ್ಕೆ ಮಷೀನಿಗೆ ಇನ್ನಷ್ಟು ದುಡ್ಡು ಸುರಿಯಬೇಡಿ. ನೀವು ಹೇಳಿದ ಲಕ್ಷಣಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ತೊಂದರೆ ಇರುವುದು ಪುಡಿಯಲ್ಲಿ. ಒಳ್ಳೆಯ ಗ್ರೈಂಡರ್ ಒಂದು ಮನೆಗೆ ಬಂದರೆ ಈಗಿರುವ ಮಷೀನಿನಲ್ಲೇ ನಿಮ್ಮ ಕಾಫಿ ತುಂಬ ಸುಧಾರಿಸುತ್ತದೆ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾರಣ ಗೊತ್ತಿದ್ದರೆ ಮುಂದೆ ಬೀಜ ಬದಲಾದಾಗ, ಹವೆ ಬದಲಾದಾಗ ಯಾರನ್ನೂ ಕೇಳದೆ ನೀವೇ ಸರಿಮಾಡಿಕೊಳ್ಳಬಹುದು.

ಮೊದಲು ಆ 15 ಬಾರ್ ವಿಷಯ. ಬಾರ್ ಅಂದರೆ ಒತ್ತಡದ ಅಳತೆ. ಪಂಪಿನ ಕೆಲಸ ನೀರನ್ನು ತಳ್ಳುವುದು, ಅಷ್ಟೇ. ಎದುರಿಗೆ ಏನೂ ಅಡ್ಡ ಇಲ್ಲದಿದ್ದರೆ ಒತ್ತಡ ಹುಟ್ಟುವುದೇ ಇಲ್ಲ. ಬೇಕಾದರೆ ಪುಡಿ ಹಾಕದೆ ಒಮ್ಮೆ ಮಷೀನ್ ಓಡಿಸಿ ನೋಡಿ. ನೀರು ಧಾರಾಳವಾಗಿ ಸುರಿದುಹೋಗುತ್ತದೆ. ಅದೇ ಪಂಪು, ಆದರೆ ಒತ್ತಡ ಇಲ್ಲವೇನೋ ಅನ್ನುವಷ್ಟು ಕಡಿಮೆ. ನುಣ್ಣಗಿನ ಪುಡಿಯನ್ನು ತುಂಬಿ, ಒತ್ತಿ ಮಾಡಿದ ಬಿಲ್ಲೆ ನೀರಿಗೆ ಅಡ್ಡ ನಿಂತಾಗ ಮಾತ್ರ ಒತ್ತಡ ಏರುತ್ತದೆ. ಅಂದರೆ ಪಂಪ್ ತಳ್ಳುತ್ತದೆ, ಒತ್ತಡ ಎಷ್ಟಿರಬೇಕು ಅನ್ನುವುದನ್ನು ಬಹುಮಟ್ಟಿಗೆ ಪುಡಿಯೇ ತೀರ್ಮಾನಿಸುತ್ತದೆ. ಡಬ್ಬದ ಮೇಲೆ ಬರೆದಿರುವ 15 ಎನ್ನುವುದು ನೀರಿನ ಹರಿವು ಪೂರ್ತಿ ಕಟ್ಟಿದಾಗ ಆ ಪಂಪ್ ಮುಟ್ಟಬಲ್ಲ ಗರಿಷ್ಠ ಮಟ್ಟ. ಎಸ್ಪ್ರೆಸೊಗೆ ಬೇಕಾಗಿರುವುದು ಸುಮಾರು 9 ಬಾರ್. ಅನೇಕ ಮಷೀನುಗಳಲ್ಲಿ ಹೆಚ್ಚಾದ ಒತ್ತಡವನ್ನು ಬಿಟ್ಟುಬಿಡಲು ಒಂದು ಕವಾಟವನ್ನೇ ಇಟ್ಟಿರುತ್ತಾರೆ. ಹಾಗಾಗಿ 15ರ ಬದಲು 20 ಅಂತ ಬರೆದ ಮಷೀನ್ ತಂದರೂ ನಿಮ್ಮ ಕಪ್ಪಿನಲ್ಲಿ ಏನೂ ಬದಲಾಗುವುದಿಲ್ಲ.

ಈ 9 ಬಾರ್ ಎಲ್ಲಿಂದ ಬಂತು ಅನ್ನುವುದಕ್ಕೂ ಒಂದು ಕಥೆ ಇದೆ. ಇಟಲಿಯ ಟ್ಯೂರಿನ್‌ನಲ್ಲಿ 1884ರಲ್ಲಿ ಆಂಜೆಲೊ ಮೊರಿಯೊಂಡೊ, ಮಿಲಾನ್‌ನಲ್ಲಿ 1901ರಲ್ಲಿ ಲುಯಿಜಿ ಬೆಜ್ಜೆರಾ ಪೇಟೆಂಟ್ ಪಡೆದ ಯಂತ್ರಗಳು ಹಬೆಯ ಬಲದಿಂದ ಓಡುತ್ತಿದ್ದವು. ಹಬೆಯಿಂದ ಸಿಗುತ್ತಿದ್ದ ಒತ್ತಡ ಹೆಚ್ಚೆಂದರೆ ಒಂದೂವರೆ, ಎರಡು ಬಾರ್. ಕಾಫಿ ಬೇಗ ಬರುತ್ತಿತ್ತು, ಆದರೆ ಅದರ ಮೇಲೆ ಇವತ್ತು ನಾವು ನೋಡುವ ಕ್ರೆಮಾ, ಅಂದರೆ ದಟ್ಟ ನೊರೆಯ ಪದರ, ಇರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಕಿಲೆ ಗಾಜಿಯಾ ಸ್ಪ್ರಿಂಗ್ ಮತ್ತು ಹಿಡಿಕೆ ಇರುವ ಯಂತ್ರ ತಂದರು. ಹಿಡಿಕೆ ಎಳೆದು ಬಿಟ್ಟರೆ ಸ್ಪ್ರಿಂಗ್ ನೀರನ್ನು ಪುಡಿಯ ಮೂಲಕ ಜೋರಾಗಿ ತಳ್ಳುತ್ತಿತ್ತು. ಕ್ರೆಮಾ ಬಂದದ್ದು ಆಗ. 1961ರಲ್ಲಿ ಫಾಯೆಮಾ ಕಂಪನಿಯ ಇ61 ಯಂತ್ರ ಆ ಕೈಕೆಲಸವನ್ನು ವಿದ್ಯುತ್ ಪಂಪಿಗೆ ಒಪ್ಪಿಸಿತು. 9 ಬಾರ್ ಎನ್ನುವುದು ರೂಢಿಯಾಗಿ ನಿಂತಿತು. ಇಷ್ಟು ಒತ್ತಡಕ್ಕೆ ತಡೆಯೊಡ್ಡಿ ನಿಲ್ಲಬೇಕಾದರೆ ಪುಡಿ ನುಣ್ಣಗಿರಲೇಬೇಕು, ಹದವಾಗಿರಲೇಬೇಕು.

ಈಗ ನಿಮ್ಮ ಎರಡು ಬಾಸ್ಕೆಟ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ಒಂದರ ತಳದಲ್ಲಿ ಒಳಗಿನಿಂದ ನೂರಾರು ತೂತು ಕಾಣುತ್ತವೆ, ಆದರೆ ಹೊರಗಿನಿಂದ ನೋಡಿದರೆ ಒಂದೇ ಒಂದು ಸೂಜಿಮೊನೆಯಷ್ಟು ತೂತು. ಅದು ಎರಡು ಗೋಡೆಯ ಬಾಸ್ಕೆಟ್. ಅಲ್ಲಿ ಪುಡಿಯ ಕೆಲಸವನ್ನು ಆ ಒಂದು ತೂತು ಮಾಡುತ್ತದೆ. ಪುಡಿ ಹೇಗೇ ಇದ್ದರೂ ಒತ್ತಡ ಬರುತ್ತದೆ, ಸಣ್ಣ ತೂತಿನಿಂದ ರಭಸವಾಗಿ ಚಿಮ್ಮುವಾಗ ಕಾಫಿ ನೊರೆಗಟ್ಟುತ್ತದೆ. ನೀವು ನೋಡಿದ ದಪ್ಪ ನೊರೆ ಅದೇ. ನೋಡಲು ಚೆಂದ, ಆದರೆ ಅದರಿಂದ ಪುಡಿಯೊಳಗಿನ ರುಚಿ ಇಳಿದಿದೆ ಎಂದು ಹೇಳಲಾಗದು. ಇನ್ನೊಂದು ಬಾಸ್ಕೆಟ್‌ನಲ್ಲಿ ಬೆಳಕು ನೂರಾರು ತೂತುಗಳಿಂದ ನೇರವಾಗಿ ಕಾಣುತ್ತದೆ. ಅದು ಒಂದು ಗೋಡೆಯದು. ಅಲ್ಲಿ ನೀರನ್ನು ತಡೆಯುವುದು ಪುಡಿ ಮಾತ್ರ. ಪ್ಯಾಕೆಟ್ ಪುಡಿ ಆ ಕೆಲಸಕ್ಕೆ ಸಾಲುತ್ತಿಲ್ಲ. ಅದಕ್ಕೇ ಹತ್ತು ಸೆಕೆಂಡಿನಲ್ಲಿ ನೀರು ಓಡಿಹೋಗುತ್ತಿದೆ, ಹುಳಿ ಬರುತ್ತಿದೆ.

ಪ್ಯಾಕೆಟ್ ಮೇಲೆ ಎಸ್ಪ್ರೆಸೊ ಪುಡಿ ಅಂತಲೇ ಬರೆದಿದೆಯಲ್ಲ ಅಂತ ನೀವು ಕೇಳಬಹುದು. ಆದರೆ ಎಸ್ಪ್ರೆಸೊಗೆ ಇಷ್ಟೇ ನುಣುಪು ಎಂಬ ಒಂದು ಅಳತೆ ಇಲ್ಲ. ನಿಮ್ಮ ಬಾಸ್ಕೆಟ್, ನೀವು ಹಾಕುವ ತೂಕ, ಬೀಜ ಎಷ್ಟು ಹುರಿದಿದೆ, ಹುರಿದು ಎಷ್ಟು ದಿನವಾಯಿತು, ಇವೆಲ್ಲದರ ಮೇಲೆ ಅದು ನಿಲ್ಲುತ್ತದೆ. ನಿನ್ನೆ ಸರಿಯಾಗಿದ್ದ ಹದ ಮುಂದಿನ ವಾರ ಒಂಚೂರು ಸರಿಸಬೇಕಾಗುತ್ತದೆ. ಪ್ಯಾಕೆಟ್ ಪುಡಿಯಲ್ಲಿ ಸರಿಸಲು ಏನಿದೆ? ಜೊತೆಗೆ ಪುಡಿ ಬೇಗ ಹಳಸುತ್ತದೆ. ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ಸೇರಿಕೊಂಡಿರುತ್ತದೆ. ಕ್ರೆಮಾ ಏಳುವುದು ಮುಖ್ಯವಾಗಿ ಅದರಿಂದ. ಬೀಜವನ್ನು ಪುಡಿ ಮಾಡಿದ ಕೂಡಲೇ ಅದರ ದೊಡ್ಡ ಪಾಲು ಹೊರಟುಹೋಗುತ್ತದೆ, ಪರಿಮಳವೂ ಅದರ ಹಿಂದೆಯೇ.

ಹಾಗಾಗಿ ಗ್ರೈಂಡರ್. ಬ್ಲೇಡ್ ತಿರುಗುವ ಮಿಕ್ಸಿ ಥರದ್ದು ಬೇಡವೇ ಬೇಡ. ಅದರಲ್ಲಿ ಧೂಳಿನಂಥ ಪುಡಿ ಮತ್ತು ದಪ್ಪ ಚೂರು ಎರಡೂ ಒಟ್ಟಿಗೆ ಬರುತ್ತವೆ. ಧೂಳು ಕಹಿ ಬಿಡುತ್ತದೆ, ಚೂರು ಹುಳಿಯಲ್ಲೇ ನಿಲ್ಲುತ್ತದೆ, ಒಂದೇ ಕಪ್ಪಿನಲ್ಲಿ ಎರಡು ದೋಷ. ಬೇಕಿರುವುದು ಎರಡು ಹಲ್ಲಿನ ಚಕ್ರಗಳ ನಡುವೆ ಬೀಜವನ್ನು ಅರೆಯುವ ಬರ್ ಗ್ರೈಂಡರ್. ಕೊಳ್ಳುವಾಗ ಒಂದೇ ಪ್ರಶ್ನೆ ಮುಖ್ಯ: ಎಸ್ಪ್ರೆಸೊ ಹದದ ಒಳಗೆ ಎಷ್ಟು ಸಣ್ಣ ಹೆಜ್ಜೆಯಲ್ಲಿ ಸರಿಸಬಹುದು? ಒಂದು ಕ್ಲಿಕ್ ಸರಿಸಿದರೆ 40 ಸೆಕೆಂಡ್ ಇದ್ದದ್ದು 15ಕ್ಕೆ ಇಳಿಯುವಂತಿದ್ದರೆ ಆ ಗ್ರೈಂಡರ್ ಎಷ್ಟೇ ಹೆಸರುವಾಸಿಯಾಗಿದ್ದರೂ ನಿಮಗೆ ಆಗಿಬರುವುದಿಲ್ಲ. ಕ್ಲಿಕ್ ಇಲ್ಲದೆ ನಯವಾಗಿ ತಿರುಗುವುದು, ಇಲ್ಲವೇ ತುಂಬ ಹತ್ತಿರ ಹತ್ತಿರ ಕ್ಲಿಕ್ ಇರುವುದು ಆಗಬೇಕು. ಚಪ್ಪಟೆ ಬರ್ ಒಳ್ಳೆಯದೋ ಶಂಕುವಿನಾಕಾರದ್ದು ಒಳ್ಳೆಯದೋ ಅನ್ನುವ ವಾದಕ್ಕೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಕೈಯಲ್ಲಿ ತಿರುಗಿಸುವ ಗ್ರೈಂಡರ್ ಆದರೂ ನಡೆಯುತ್ತದೆ. ದಿನಕ್ಕೆ ಒಂದೆರಡು ಕಪ್ ಮಾಡುವವರಿಗೆ ನಾನು ಮೊದಲು ಹೇಳುವುದೇ ಅದನ್ನು. ಅದೇ ದುಡ್ಡಿಗೆ ಸಿಗುವ ವಿದ್ಯುತ್ ಗ್ರೈಂಡರಿಗಿಂತ ಅದರ ಬರ್ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಕೈಗೆ ಸ್ವಲ್ಪ ಕೆಲಸ, ಅಷ್ಟೇ.

ಗ್ರೈಂಡರಿನ ಜೊತೆಗೆ 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಒಂದು ತನ್ನಿ. ಇದು ಇಲ್ಲದೆ ಮುಂದೆ ನಾನು ಹೇಳುವ ಯಾವುದೂ ಕೈಗೆ ಹತ್ತುವುದಿಲ್ಲ. ಕಪ್ಪಿನಲ್ಲಿ ಎಷ್ಟು ಬಂತು ಅನ್ನುವುದನ್ನು ಕಣ್ಣಳತೆಯಲ್ಲಿ ನೋಡಿದರೆ ಕ್ರೆಮಾ ಮೋಸ ಮಾಡುತ್ತದೆ. ತಾಜಾ ಬೀಜದಲ್ಲಿ ನೊರೆ ಜಾಸ್ತಿ, ಕಪ್ ತುಂಬಿದ ಹಾಗೆ ಕಾಣುತ್ತದೆ, ತೂಗಿದರೆ ಅರ್ಧವೂ ಇರುವುದಿಲ್ಲ.

ಬೀಜ ಕೊಳ್ಳುವಾಗ ಹುರಿದ ತಾರೀಖು ಬರೆದಿರುವ ಪ್ಯಾಕೆಟ್ ಹುಡುಕಿ. ಬರೀ ಎಕ್ಸ್‌ಪೈರಿ ತಾರೀಖು ಮಾತ್ರ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಹುರಿದ ಮರುದಿನವೇ ಎಸ್ಪ್ರೆಸೊ ಮಾಡಲು ಹೋಗಬೇಡಿ. ಅನಿಲ ತುಂಬ ಇರುತ್ತದೆ, ಹರಿವು ಒಂದೊಂದು ಸಲ ಒಂದೊಂದು ಥರ. ಒಂದು ವಾರ, ಹತ್ತು ದಿನ ಬಿಟ್ಟು ಶುರುಮಾಡಿ. ಅಲ್ಲಿಂದ ಸುಮಾರು ಒಂದು ತಿಂಗಳು ಅದು ಒಳ್ಳೆಯ ಕಾಲದಲ್ಲಿರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ, ಬೆಳಕು ಬೀಳದ ಕಡೆ ಇಡಿ. ಫ್ರಿಜ್ಜಿನಲ್ಲಿ ಬೇಡ, ತೇವ ಮತ್ತು ಬೇರೆ ವಾಸನೆ ಹಿಡಿಯುತ್ತದೆ. ಜಾಸ್ತಿ ಬೀಜ ಇದ್ದರೆ ಸಣ್ಣ ಸಣ್ಣ ಭಾಗ ಮಾಡಿ, ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿಡಬಹುದು. ಮೊದಮೊದಲು ಮಧ್ಯಮ ಅಥವಾ ಸ್ವಲ್ಪ ಗಾಢವಾಗಿ ಹುರಿದದ್ದನ್ನೇ ತಗೊಳ್ಳಿ. ತೆಳುವಾಗಿ ಹುರಿದ ಬೀಜ ಗಟ್ಟಿ, ರುಚಿ ಬಿಟ್ಟುಕೊಡಲು ಹಟ ಮಾಡುತ್ತದೆ, ಹೊಸಬರಿಗೆ ಹುಳಿಯಷ್ಟೇ ಸಿಗುತ್ತದೆ. ರೊಬಸ್ಟಾ ಸೇರಿಸಿದ ಮಿಶ್ರಣವನ್ನು ಕೀಳಾಗಿ ನೋಡುವವರಿದ್ದಾರೆ. ನಾನು ಆ ಗುಂಪಿನಲ್ಲಿಲ್ಲ. ಚೆನ್ನಾಗಿ ಬೆಳೆದು ಸಂಸ್ಕರಿಸಿದ ರೊಬಸ್ಟಾ ಒಂದಿಷ್ಟು ಸೇರಿದರೆ ಕಾಫಿಗೆ ಮೈ ಬರುತ್ತದೆ, ಕ್ರೆಮಾ ದಪ್ಪವಾಗುತ್ತದೆ. ಕೆಫೀನ್ ಅರಾಬಿಕಾದ ಸುಮಾರು ಎರಡರಷ್ಟು ಇರುತ್ತದೆ, ಅದೊಂದು ನೆನಪಿರಲಿ.

ಇನ್ನು ಅಸಲಿ ಕೆಲಸ. ಒಂದು ಗೋಡೆಯ ಬಾಸ್ಕೆಟ್ ತಗೊಳ್ಳಿ. ಶಾಟ್ ಅಂದರೆ ಒಂದು ಅಳತೆಯ ಎಸ್ಪ್ರೆಸೊ. ಎರಡು ಶಾಟ್‌ನ ಬಾಸ್ಕೆಟ್ ಆದರೆ 18 ಗ್ರಾಂ ಪುಡಿ, ಕಪ್ಪಿನಲ್ಲಿ 36 ಗ್ರಾಂ ಕಾಫಿ, ಪಂಪ್ ಒತ್ತಿದಾಗಿನಿಂದ 25ರಿಂದ 30 ಸೆಕೆಂಡ್. ಇದು ಶುರುಮಾಡುವ ಜಾಗ. ಸಣ್ಣ ಮಷೀನುಗಳ ಬಾಸ್ಕೆಟ್ ಕೆಲವೊಮ್ಮೆ 14 ಅಥವಾ 16 ಗ್ರಾಂ ಮಾತ್ರ ಹಿಡಿಯುತ್ತದೆ. ಆಗ ಅಷ್ಟೇ ಹಾಕಿ, ಅದರ ಎರಡರಷ್ಟು ತೂಕ ಬಂದಾಗ ನಿಲ್ಲಿಸಿ. ಇಟಲಿಯ ಹಳೆಯ ಲೆಕ್ಕ ಬೇರೆ, ಒಂದು ಕಪ್ಪಿಗೆ ಸುಮಾರು 7 ಗ್ರಾಂ ಪುಡಿ, 25 ಮಿಲಿಲೀಟರ್ ಕಾಫಿ, 25 ಸೆಕೆಂಡ್. ಅದೂ ಸೊಗಸಾಗಿರುತ್ತದೆ, ಆದರೆ ಒಂದು ಶಾಟ್‌ನ ಸಣ್ಣ ಬಾಸ್ಕೆಟ್‌ನಲ್ಲಿ ಹದ ಸಿಗುವುದು ಕಷ್ಟ. ಕಲಿಯಲು ದೊಡ್ಡದೇ ಸರಿ.

ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ನೀವು ಗಟ್ಟಿಯಾಗಿಯೂ ಒತ್ತಿದಿರಿ, ಪುಡಿಯನ್ನೂ ಜಾಸ್ತಿ ಹಾಕಿದಿರಿ. ಹೀಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ, ಅಲ್ವಾ? ಪುಡಿಯ ತೂಕ ಹಾಗೇ ಇರಲಿ. ಕಪ್ಪಿನ ತೂಕ ಹಾಗೇ ಇರಲಿ. ಗ್ರೈಂಡರ್ ಮಾತ್ರ ಸರಿಸಿ. 36 ಗ್ರಾಂ 12 ಸೆಕೆಂಡಿಗೆ ಬಂದುಬಿಟ್ಟರೆ ಪುಡಿ ತರಿತರಿ ಇದೆ, ಇನ್ನೂ ನುಣ್ಣಗೆ ಮಾಡಿ. ಪಂಪ್ ಮುಲುಗುತ್ತಾ 45 ಸೆಕೆಂಡಾದರೂ ತೊಟ್ಟು ತೊಟ್ಟು ಬೀಳುತ್ತಿದ್ದರೆ ಒಂಚೂರು ದಪ್ಪ ಮಾಡಿ. ಗ್ರೈಂಡರ್ ಸರಿಸಿದ ಮೇಲೆ ಒಂದೆರಡು ಗ್ರಾಂ ಬೀಜ ಹಾಕಿ ಅರೆದು ಆ ಪುಡಿಯನ್ನು ಚೆಲ್ಲಿ, ಒಳಗೆ ಹಳೆಯ ಹದದ ಪುಡಿ ಉಳಿದಿರುತ್ತದೆ. ಹೊಸ ಬೀಜದ ಮೊದಲ ಮೂರು ನಾಲ್ಕು ಶಾಟ್ ಇದಕ್ಕೇ ಹೋಗುತ್ತವೆ. ಬೇಜಾರು ಮಾಡಿಕೊಳ್ಳಬೇಡಿ, ಕಾಫಿ ಅಂಗಡಿಗಳಲ್ಲೂ ಬೆಳಿಗ್ಗೆ ಮೊದಲು ಮಾಡುವ ಕೆಲಸ ಇದೇ.

ಸಮಯ ಸರಿಹೋಯಿತು ಅಂದಮೇಲೆ ಗಡಿಯಾರ ಬಿಟ್ಟು ನಾಲಿಗೆಗೆ ಬನ್ನಿ. ಇಲ್ಲಿ ನಾನು ಎಲ್ಲರಿಗೂ ಮಾಡಿಸುವ ಒಂದು ಪ್ರಯೋಗ ಇದೆ. ನಾಲ್ಕು ಸಣ್ಣ ಲೋಟ ಸಾಲಾಗಿ ಇಟ್ಟುಕೊಳ್ಳಿ. ಶಾಟ್ ಬೀಳಲು ಶುರುವಾದಾಗ ಮೊದಲ ಲೋಟ ಹಿಡಿಯಿರಿ, ಏಳೆಂಟು ಸೆಕೆಂಡಿಗೊಮ್ಮೆ ಲೋಟ ಬದಲಿಸುತ್ತಾ ಹೋಗಿ. ಈಗ ಒಂದೊಂದನ್ನೇ ರುಚಿ ನೋಡಿ. ಮೊದಲನೆಯದು ಕಡುಗಪ್ಪು, ಅಂಟಂಟು, ದವಡೆ ಜುಮ್ಮೆನ್ನುವಷ್ಟು ಹುಳಿ, ಸ್ವಲ್ಪ ಉಪ್ಪು ಕೂಡ. ಎರಡನೆಯದರಲ್ಲಿ ಹುಳಿ ತಗ್ಗಿ ಸಿಹಿ ತಲೆ ಎತ್ತುತ್ತದೆ. ಮೂರನೆಯದು ತೆಳ್ಳಗೆ, ಕಹಿ ಕಾಣಿಸಿಕೊಳ್ಳುತ್ತದೆ. ನಾಲ್ಕನೆಯದು ಮಾಸಲು ನೀರು, ಕುಡಿದ ಮೇಲೆ ನಾಲಿಗೆ ಒಣಗುತ್ತದೆ. ಯಾವುದನ್ನೂ ಒಂದೊಂದಾಗಿ ಕುಡಿಯಲು ಮನಸ್ಸಾಗುವುದಿಲ್ಲ. ಎಲ್ಲವನ್ನೂ ಒಂದೇ ಲೋಟಕ್ಕೆ ಸುರಿದು ಕಲಸಿ ಕುಡಿದು ನೋಡಿ. ಕಾಫಿ! ಪುಡಿಯಿಂದ ರುಚಿ ಇಳಿಯುವ ಕ್ರಮ ಇದು. ಆಮ್ಲಗಳು ಬೇಗ ಕರಗುತ್ತವೆ, ಸಿಹಿ ಅವುಗಳ ಹಿಂದೆ, ಕಹಿ ಮತ್ತು ಒಗರು ಕೊನೆಗೆ. ನಿಮ್ಮ ಹತ್ತು ಸೆಕೆಂಡಿನ ಶಾಟ್‌ನಲ್ಲಿ ನೀರು ಮೊದಲ ಪಾಲನ್ನಷ್ಟೇ ಎತ್ತಿಕೊಂಡು ಓಡಿಬಂದಿದೆ. ಹುಳಿ ಬಿಟ್ಟು ಬೇರೇನು ಬರಲು ಸಾಧ್ಯ?

ಇದು ಒಮ್ಮೆ ನಾಲಿಗೆಗೆ ಗೊತ್ತಾದರೆ ಮುಂದಿನ ದಾರಿ ಸುಲಭ. ಹುಳಿ ಜಾಸ್ತಿ, ಬಾಯಿ ಖಾಲಿ ಖಾಲಿ ಅನ್ನಿಸಿದರೆ ನೀರು ಇನ್ನಷ್ಟು ಎತ್ತಿಕೊಳ್ಳಬೇಕು. ಒಂದಿಷ್ಟು ನುಣ್ಣಗೆ ಅರೆಯಿರಿ, ಇಲ್ಲವೇ 36ರ ಬದಲು 40 ಗ್ರಾಂವರೆಗೆ ಬಿಡಿ. ಕಹಿ, ಒಗರು ಜಾಸ್ತಿಯಾದರೆ ತುಸು ದಪ್ಪ ಅರೆಯಿರಿ, ಇಲ್ಲವೇ 32ಕ್ಕೇ ನಿಲ್ಲಿಸಿ. ರುಚಿ ಸರಿ ಇದೆ ಆದರೆ ತೆಳು ಅನ್ನಿಸಿದರೆ ಕಪ್ಪಿನ ತೂಕ ಇಳಿಸಿ. ಗಾಢವಾಗಿ ಹುರಿದ ಬೀಜ ಚಿಕ್ಕ ಶಾಟ್ ಕೇಳುತ್ತದೆ, ಪುಡಿಯ ಒಂದೂವರೆಪಟ್ಟು ಸಾಕು. ತೆಳುವಾಗಿ ಹುರಿದದ್ದಕ್ಕೆ ಎರಡೂವರೆ, ಮೂರುಪಟ್ಟು ಬೇಕಾಗಬಹುದು. ಹುಳಿಯೋ ಕಹಿಯೋ ಅಂತಲೇ ಗೊಂದಲವಾಗುವವರು ಬಹಳ ಜನ. ಸುಲಭದ ಗುರುತು: ಹುಳಿಗೆ ನಾಲಿಗೆಯಲ್ಲಿ ನೀರೂರುತ್ತದೆ, ಕಹಿ ನುಂಗಿದ ಮೇಲೂ ಗಂಟಲ ಹತ್ತಿರ ಕೂತಿರುತ್ತದೆ. ಬಿಸಿ ಬಿಸಿ ಇರುವಾಗ ತೀರ್ಪು ಕೊಡಬೇಡಿ. ಎರಡು ನಿಮಿಷ ಬಿಟ್ಟು, ಚಮಚದಲ್ಲಿ ಕಲಸಿ ಕುಡಿಯಿರಿ.

ಒಂದು ಎಚ್ಚರಿಕೆ. ನುಣ್ಣಗೆ ಮಾಡಿದಷ್ಟೂ ರುಚಿ ಹೆಚ್ಚು ಇಳಿಯುತ್ತದೆ ಅನ್ನುವುದು ಒಂದು ಮಟ್ಟದವರೆಗೆ ಮಾತ್ರ ನಿಜ. 2020ರಲ್ಲಿ ಮ್ಯಾಟರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಇದನ್ನು ಲೆಕ್ಕ ಹಾಕಿ, ಕಾಫಿ ಮಾಡಿ ತೋರಿಸಿತು. ಪುಡಿ ತೀರಾ ನುಣ್ಣಗಾದರೆ ಬಿಲ್ಲೆಯ ಕೆಲವು ಭಾಗ ಕಟ್ಟಿಕೊಳ್ಳುತ್ತದೆ, ನೀರು ಉಳಿದ ಭಾಗದಲ್ಲೇ ಹರಿಯುತ್ತದೆ, ಒಟ್ಟಾರೆ ಇಳಿಯುವ ರುಚಿ ಕಡಿಮೆಯಾಗುತ್ತದೆ. ಶಾಟ್ ನಿಧಾನ ಬಂದರೂ ಹುಳಿ ಮತ್ತು ಕಹಿ ಎರಡೂ ಒಟ್ಟಿಗೆ ಇದ್ದರೆ ಈ ಗಡಿ ದಾಟಿದ್ದೀರಿ ಅಂತ ತಿಳಿಯಿರಿ. ಆಗ ಹಿಂದಕ್ಕೆ ಬನ್ನಿ, ದಪ್ಪ ಅರೆಯಿರಿ.

ನೀರು ಒಂದೇ ಸಮನೆ ಹರಿಯುವಂತೆ ಮಾಡುವುದು ಈ ಕೆಲಸದ ಇನ್ನೊಂದು ಅರ್ಧ. ಕೆರೆಯ ಏರಿಯಲ್ಲಿ ಒಂದು ಸಣ್ಣ ಬಿಲ ಇದ್ದರೆ ನೀರು ಅಲ್ಲೇ ನುಗ್ಗಿ ದೊಡ್ಡದು ಮಾಡುವ ಹಾಗೆ, ಬಿಲ್ಲೆಯಲ್ಲಿ ಎಲ್ಲಾದರೂ ಸಡಿಲ ಜಾಗ ಇದ್ದರೆ 9 ಬಾರ್ ಒತ್ತಡದ ನೀರು ಅಲ್ಲೇ ದಾರಿ ಕೊರೆಯುತ್ತದೆ. ಆ ದಾರಿಯ ಪುಡಿ ಕಹಿಯಾಗುವವರೆಗೆ ತೊಳೆದುಹೋಗುತ್ತದೆ, ಪಕ್ಕದ ಪುಡಿ ಬರೀ ನೆನೆದು ಕೂತಿರುತ್ತದೆ. ಇದನ್ನು ತಪ್ಪಿಸುವ ಉಪಾಯ ಬಹಳ ಸರಳ. ಬಾಸ್ಕೆಟ್‌ಗೆ ಪುಡಿ ಹಾಕಿದ ಮೇಲೆ ಗಂಟುಗಳನ್ನು ಒಡೆಯಬೇಕು. ಜಾನ್ ವೈಸ್ ಎಂಬ ಮನೆ ಕಾಫಿಪ್ರಿಯರು 2005ರಲ್ಲಿ ಸೂಜಿಯಿಂದ ಕಲಸುವ ಈ ರೀತಿಯನ್ನು ಹೇಳಿಕೊಟ್ಟರು. ಈಗ ಸ್ಪರ್ಧೆಗಳಲ್ಲೂ ಅದನ್ನು ಮಾಡುತ್ತಾರೆ. ಕೂದಲಷ್ಟು ತೆಳುವಾದ ಮೂರು ನಾಲ್ಕು ಸೂಜಿಗಳನ್ನು ಒಂದು ಬಿರಡೆಗೆ ಚುಚ್ಚಿಕೊಂಡರೂ ಸಾಕು. ದಪ್ಪ ಕಡ್ಡಿ, ಫೋರ್ಕ್ ಆಗುವುದಿಲ್ಲ, ಅವು ಪುಡಿಯಲ್ಲಿ ಗೀರು ಬಿಡುತ್ತವೆ. ತಳ ಮುಟ್ಟುವಂತೆ ಇಳಿಸಿ ಸುತ್ತು ಸುತ್ತಾಗಿ ಕಲಸಿ, ನಿಧಾನವಾಗಿ ಮೇಲಕ್ಕೆ ಬನ್ನಿ, ಕೊನೆಗೆ ಮೇಲ್ಭಾಗವನ್ನು ಸಮ ಮಾಡಿ. ಹದಿನೈದು ಸೆಕೆಂಡಿನ ಕೆಲಸ. ಮನೆಯ ಎಸ್ಪ್ರೆಸೊಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಕಾರ ಮಾಡುವ ಇನ್ನೊಂದು ವಿಷಯ ನನಗೆ ಗೊತ್ತಿಲ್ಲ.

ಅರೆಯುವಾಗ ಪುಡಿ ಗ್ರೈಂಡರಿಗೆ ಅಂಟಿಕೊಂಡು ಸುತ್ತಲೂ ಹಾರಿದರೆ ಅದು ಸ್ಥಾಯೀ ವಿದ್ಯುತ್ತಿನ ಕಾಟ. ಅರೆಯುವ ಮೊದಲು ಬೀಜಕ್ಕೆ ಒಂದೆರಡು ಹನಿ ನೀರು ಚಿಮುಕಿಸಿ ಅಲ್ಲಾಡಿಸಿ. ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಇದರ ಕಾರಣವನ್ನು ಅಳೆದು ತೋರಿಸಿತು. ತೇವ ಇದ್ದರೆ ವಿದ್ಯುತ್ ಕಡಿಮೆ, ಗಂಟೂ ಕಡಿಮೆ.

ಆಮೇಲೆ ಒತ್ತುವುದು. ಇದರ ಬಗ್ಗೆ ಸುಮ್ನೆ ಜಾಸ್ತಿ ಭಯ ಹುಟ್ಟಿಸಿದ್ದಾರೆ. 14 ಕಿಲೋ ಬಲ ಹಾಕಬೇಕು ಅಂತ ಹೇಳುವುದನ್ನು ನೀವೂ ಕೇಳಿರಬಹುದು. ಪುಡಿಯ ನಡುವಿನ ಗಾಳಿ ಹೋಗಿ ಅದು ಗಟ್ಟಿಯಾಗಿ ಕೂತಮೇಲೆ ಇನ್ನೆಷ್ಟು ಒತ್ತಿದರೂ ವ್ಯತ್ಯಾಸ ತೀರಾ ಕಡಿಮೆ. ದಪ್ಪ ಪುಡಿಯನ್ನು ಮೈಬಲದಿಂದ ಒತ್ತಿ ಹರಿವು ನಿಲ್ಲಿಸಲು ಆಗುವುದಿಲ್ಲ. ನೀವು ಮಾಡಿದ ಪ್ರಯತ್ನ ಫಲ ಕೊಡದೇ ಇದ್ದದ್ದು ಅದಕ್ಕೇ. ಒತ್ತು ಸಮವಾಗಿರಬೇಕು, ವಾಲಬಾರದು. ವಾಲಿದರೆ ತೆಳುವಾದ ಕಡೆ ನೀರು ಓಡುತ್ತದೆ. ಮೊಣಕೈ ನೇರ ಟ್ಯಾಂಪರಿನ (ಪುಡಿ ಒತ್ತುವ ಸಾಧನ) ಮೇಲೆ ಬರುವಂತೆ ನಿಂತು, ಹೆಬ್ಬೆರಳು ಮತ್ತು ತೋರುಬೆರಳಿನಿಂದ ಬಾಸ್ಕೆಟ್ ಅಂಚನ್ನು ಮುಟ್ಟಿ ನೋಡಿಕೊಳ್ಳುತ್ತಾ ಒತ್ತಿ. ಮಷೀನ್ ಜೊತೆ ಬಂದ ಪ್ಲಾಸ್ಟಿಕ್ ಟ್ಯಾಂಪರ್ ಬಾಸ್ಕೆಟ್‌ಗಿಂತ ಚಿಕ್ಕದಿರುತ್ತದೆ, ಸುತ್ತಲೂ ಸಡಿಲ ಪುಡಿ ಉಳಿಯುತ್ತದೆ. ನಿಮ್ಮ ಬಾಸ್ಕೆಟ್‌ನ ಒಳ ಅಳತೆ ನೋಡಿ ಸರಿಹೊಂದುವ ಲೋಹದ್ದು ತಗೊಳ್ಳಿ. 51, 54, 58 ಮಿಲಿಮೀಟರ್ ಹೀಗೆ ಬೇರೆ ಬೇರೆ ಇರುತ್ತವೆ.

ಪುಡಿ ಜಾಸ್ತಿ ಹಾಕಿದರೆ ಗಟ್ಟಿಯಾಗುತ್ತದೆ ಅನ್ನುವುದೂ ಅಷ್ಟೇ. ನೀರು ಬಿದ್ದ ಮೇಲೆ ಬಿಲ್ಲೆ ಉಬ್ಬುತ್ತದೆ, ಅದಕ್ಕೆ ಮೇಲೆ ಜಾಗ ಬೇಕು. ಒತ್ತಿದ ಪುಡಿಯ ಮೇಲೆ ಒಂದು ತೆಳು ನಾಣ್ಯ ಇಟ್ಟು, ಬಾಸ್ಕೆಟ್ ಕೂರುವ ಹಿಡಿಕೆಯನ್ನು ಮಷೀನಿಗೆ ಸಿಕ್ಕಿಸಿ, ನೀರು ಬಿಡದೆ ವಾಪಸ್ ತೆಗೆದು ನೋಡಿ. ನಾಣ್ಯ ಪುಡಿಯೊಳಗೆ ಒತ್ತಿಕೊಂಡಿದ್ದರೆ ಒಂದು ಗ್ರಾಂ ಕಡಿಮೆ ಮಾಡಿ.

ಬಿಸಿಯ ವಿಷಯದಲ್ಲಿ ಸಣ್ಣ ಮಷೀನುಗಳಿಗೆ ನಿಜವಾದ ಕೊರತೆ ಇದೆ, ಅದನ್ನು ಒಪ್ಪಬೇಕು. ಪುಡಿಗೆ ತಾಗುವ ನೀರು 90ರಿಂದ 96 ಡಿಗ್ರಿ ಇರಬೇಕು. ದೀಪ ಹತ್ತಿದ ಕೂಡಲೇ ಮಷೀನ್ ತಯಾರು ಅಂತ ಅಂದುಕೊಂಡರೆ ಮೋಸ ಹೋಗುತ್ತೀರಿ. ಒಳಗಿನ ನೀರು ಬಿಸಿಯಾಗಿರುತ್ತದೆ, ಆದರೆ ಹಿಡಿಕೆ, ಬಾಸ್ಕೆಟ್, ನೀರು ಬೀಳುವ ಲೋಹದ ಭಾಗ ಎಲ್ಲ ತಣ್ಣಗೆ. ನೀರು ಅಲ್ಲೇ ಬಿಸಿ ಕಳೆದುಕೊಳ್ಳುತ್ತದೆ, ಮತ್ತೆ ಹುಳಿ. ಹಿಡಿಕೆಯನ್ನು ಸಿಕ್ಕಿಸಿಟ್ಟೇ ಹದಿನೈದು ಇಪ್ಪತ್ತು ನಿಮಿಷ ಮಷೀನ್ ಕಾಯಲು ಬಿಡಿ. ಅಷ್ಟು ಹೊತ್ತು ಇಲ್ಲದಿದ್ದರೆ ಖಾಲಿ ಬಾಸ್ಕೆಟ್‌ನಿಂದ ಎರಡು ಮೂರು ಸಲ ಬಿಸಿನೀರು ಹರಿಸಿ, ಕಪ್ಪನ್ನೂ ಅದರಲ್ಲೇ ಕಾಯಿಸಿ. ಬಾಸ್ಕೆಟ್ ಒರೆಸಿ ಒಣಗಿಸುವುದು ಮರೆಯಬೇಡಿ. ಹಾಲಿಗೆ ಹಬೆ ಬಿಟ್ಟ ತಕ್ಷಣ ಶಾಟ್ ತೆಗೆಯಲು ಹೋದರೆ ಉಲ್ಟಾ ತೊಂದರೆ. ಬಾಯ್ಲರ್ ಕುದಿಯುತ್ತಿರುತ್ತದೆ, ಕಾಫಿ ಸೀದ ಹಾಗೆ ಕಹಿಯಾಗುತ್ತದೆ. ಭುಸುಗುಟ್ಟುವುದು ನಿಲ್ಲುವವರೆಗೆ ನೀರು ಹರಿಸಿ. ಒಂದೇ ಬಾಯ್ಲರ್ ಇದ್ದರೆ ಮೊದಲು ಶಾಟ್, ಆಮೇಲೆ ಹಾಲು.

ಹಾಲಿನ ಬಗ್ಗೆ ನೀವು ಕೇಳಿಲ್ಲ, ಒಂದೇ ಮಾತು ಹೇಳುತ್ತೇನೆ. ಹದ ಕೂರುವವರೆಗೆ ಹಾಲು ಹಾಕದೆ ರುಚಿ ನೋಡಿ. ಹಾಲು ತಪ್ಪನ್ನು ಮುಚ್ಚಿಬಿಡುತ್ತದೆ, ಏನು ಸರಿಸಬೇಕು ಅಂತ ತಿಳಿಯುವುದಿಲ್ಲ.

ನೀರು ತುಂಬ ಗಡಸಾಗಿದ್ದರೆ ಬಾಯ್ಲರಿನೊಳಗೆ ಸುಣ್ಣ ಕಟ್ಟುತ್ತದೆ, ರುಚಿಯೂ ಮಂಕು. ಹಾಗಂತ ಪೂರ್ತಿ ಶುದ್ಧ ಮಾಡಿದ ಭಟ್ಟಿ ನೀರೂ ಬೇಡ. ಅದರಲ್ಲಿ ಖನಿಜವೇ ಇಲ್ಲದ್ದರಿಂದ ಕಾಫಿ ಬೋಳು ಬೋಳಾಗಿರುತ್ತದೆ. ಕೆಲವು ಮಷೀನುಗಳ ಸೆನ್ಸರ್ ಅಂಥ ನೀರನ್ನು ಗುರುತಿಸುವುದೂ ಇಲ್ಲ. ಕುಡಿಯಲು ರುಚಿಯಾಗಿರುವ ಮೆದು ನೀರು ಸಾಕು.

ಪ್ರತಿ ಶಾಟ್ ಆದಮೇಲೆ ಚರಟ ತೆಗೆದು, ಬಾಸ್ಕೆಟ್ ತೊಳೆದು, ಮೇಲಿನ ಜಾಲರಿಗೆ ಅಂಟಿದ ಪುಡಿಯನ್ನು ಒರೆಸಿ, ಒಂದಿಷ್ಟು ನೀರು ಬಿಡಿ. ವಾರಕ್ಕೊಮ್ಮೆ ಜಾಲರಿ ಬಿಚ್ಚಿ ತೊಳೆಯಿರಿ. ಅಲ್ಲಿ ಕೂತ ಕಾಫಿಯ ಎಣ್ಣೆ ಕಮಟು ಹಿಡಿದು ಹೊಸ ಕಾಫಿಗೂ ಆ ವಾಸನೆ ಕೊಡುತ್ತದೆ. ಚರಟ ಒದ್ದೆಯಾಗಿ ಕೆಸರಾಗಿದೆ ಅಂತ ಬಹಳ ಜನ ಚಿಂತೆ ಮಾಡುತ್ತಾರೆ. ನಿಮ್ಮಂಥ ಸಣ್ಣ ಮಷೀನುಗಳಲ್ಲಿ ಒತ್ತಡ ಇಳಿಸುವ ಮೂರುದಾರಿ ಕವಾಟ ಇರುವುದು ಕಡಿಮೆ, ಹಾಗಾಗಿ ಮೇಲೆ ನೀರು ನಿಲ್ಲುತ್ತದೆ. ಕಪ್ಪಿನಲ್ಲಿ ರುಚಿ ಚೆನ್ನಾಗಿದ್ದರೆ ಚರಟ ಹೇಗಿದ್ದರೆ ಏನು?

ಗ್ರೈಂಡರ್ ಬರುವವರೆಗೆ ಏನು ಮಾಡುವುದು? ಈಗ ಎರಡು ಗೋಡೆಯ ಬಾಸ್ಕೆಟ್ಟನ್ನೇ ಬಳಸಿ. ಅದನ್ನು ಮಾಡಿರುವುದೇ ಪ್ಯಾಕೆಟ್ ಪುಡಿಗೆ. ಬೀಜ ಹುರಿಯುವವರ ಹತ್ತಿರವೇ ಕಡಿಮೆ ಪ್ರಮಾಣದಲ್ಲಿ ಎಸ್ಪ್ರೆಸೊಗೆ ಅಂತ ಅರೆಸಿ ತಂದು ನಾಲ್ಕೈದು ದಿನದಲ್ಲಿ ಮುಗಿಸಿ. ಮಷೀನಿನ ಬಟನ್ ತಾನಾಗಿ ನಿಲ್ಲಿಸುವವರೆಗೆ ಕಾಯಬೇಡಿ. ಕಪ್ಪಿನ ಕೆಳಗೆ ತಕ್ಕಡಿ ಇಟ್ಟು, ಪುಡಿಯ ಎರಡರಷ್ಟು ತೂಕ ಬಂದ ಕೂಡಲೇ ನೀವೇ ನಿಲ್ಲಿಸಿ. ಸಪ್ಪೆ ಅನ್ನಿಸುವುದಕ್ಕೆ ಒಂದು ದೊಡ್ಡ ಕಾರಣ ಕಪ್ಪಿಗೆ ಬೀಳುವ ಜಾಸ್ತಿ ನೀರು. ಇಷ್ಟಕ್ಕೇ ಅರ್ಧ ವ್ಯತ್ಯಾಸ ಕಾಣುತ್ತದೆ.

ಮಷೀನ್ ಬದಲಿಸುವ ದಿನವೂ ಬರಬಹುದು. ತೆಳುವಾಗಿ ಹುರಿದ ಬೀಜದ ರುಚಿ ಹತ್ತಿದರೆ ಬಿಸಿಯನ್ನು ಒಂದು ಡಿಗ್ರಿಯ ಲೆಕ್ಕದಲ್ಲಿ ಹಿಡಿದಿಡುವ ಪಿಐಡಿ ಎಂಬ ನಿಯಂತ್ರಕ ಇರುವ ಮಷೀನ್ ಬೇಕು ಅನ್ನಿಸುತ್ತದೆ. ಒಂದರ ಹಿಂದೆ ಒಂದು ನಾಲ್ಕೈದು ಹಾಲಿನ ಕಾಫಿ ಮಾಡಬೇಕಾದ ಮನೆಗೆ ಎರಡು ಬಾಯ್ಲರ್ ಇರುವುದು ಅನುಕೂಲ. ಆಗಲೂ ನೀವು ಈಗ ಕೊಳ್ಳುವ ಗ್ರೈಂಡರ್, ತಕ್ಕಡಿ, ಸೂಜಿ ಎಲ್ಲವೂ ಹೊಸ ಮಷೀನಿನ ಪಕ್ಕದಲ್ಲೇ ಕೆಲಸ ಮಾಡುತ್ತವೆ.

ಗ್ರೈಂಡರ್ ಬಂದ ಮೇಲೂ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಮತ್ತೆ ಬರೆಯಿರಿ. ಬರೆಯುವಾಗ ಪುಡಿಯ ತೂಕ, ಕಪ್ಪಿನ ತೂಕ, ಎಷ್ಟು ಸೆಕೆಂಡ್, ಹುರಿದ ತಾರೀಖು, ಬಾಯಲ್ಲಿ ಹುಳಿಯೋ ಕಹಿಯೋ ಒಗರೋ, ಇಷ್ಟನ್ನು ತಪ್ಪದೆ ತಿಳಿಸಿ. ಮಷೀನಿನ ಮಾಡೆಲ್ ಹೆಸರಿಗಿಂತ ಈ ವಿವರಗಳಿಂದಲೇ ನನಗೆ ಹೆಚ್ಚು ತಿಳಿಯುತ್ತದೆ.